ಎಲಚಿ ಕೊಂಬೆಗೊಂದು ಸೀಟು

ಫಲಾಖೆ ಜೋಬೆ ಬಾಯಿಂದಲೇ ಬದುಕಿದ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಪ್ರವಾಸಿಗರನ್ನು ವ್ಯಾನಿನಲ್ಲಿ ತುಂಬಿಕೊಂಡು ಕಡಲು, ಬೆಟ್ಟ, ಕಾಡು ಎಂದು ಐದೈದು ದಿನ ಸುತ್ತಿಸುತ್ತಿದ್ದ. ಒಂದು ಕೈ ಸ್ಟಿಯರಿಂಗ್ ಮೇಲಿದ್ದರೆ ಇನ್ನೊಂದು ಕೈ ಮಾತಿನ ಜೊತೆ ಗಾಳಿಯಲ್ಲಿರುತ್ತಿತ್ತು. ಘೇಂಡಾಮೃಗಕ್ಕೂ ತನ್ನ ಮಾವನ ಮನೆಗೂ ದೂರದ ನೆಂಟಸ್ತನವಿದೆ ಎಂದು ಜರ್ಮನಿಯವರನ್ನು ನಂಬಿಸಿದ ಭೂಪ ಅವನು. ಅಂಥವನಿಗೆ ಈ ಸಲ ಐದು ದಿನ ಯಾರ ಜೊತೆಗೂ ತುಟಿ ಬಿಚ್ಚುವಂತಿಲ್ಲ ಎಂಬ ಕಟ್ಟಳೆ ಬಂತು. ಒಬ್ಬನ ಜೊತೆ ಮಾತ್ರ ಮಾತಾಡಬಹುದು, ಅದೂ ಅಣ್ಣ ವೇಲಾಫಿಯ ಜೊತೆ. ಹನ್ನೊಂದು ವರ್ಷದಿಂದ ಫಲಾಖೆ ಯಾರ ಫೋನನ್ನು ಎತ್ತದೆ ತಪ್ಪಿಸಿಕೊಂಡು ತಿರುಗಿದ್ದನೋ ಆ ಅಣ್ಣ. ಸಾಲದ್ದಕ್ಕೆ ಅವನು ಸತ್ತು ಮೂರು ವಾರವಾಗಿತ್ತು.

ವೇಲಾಫಿ ತೀರಿಕೊಂಡದ್ದು ಪೋರ್ಟ್ ಸೇಂಟ್ ಜಾನ್ಸಿನ ಆಸ್ಪತ್ರೆಯಲ್ಲಿ. ಆ ಊರಿನ ಕಡಲ ದಂಡೆಯ ಹೋಟೆಲಿನಲ್ಲಿ ಅಡಿಗೆ ಮಾಡಿಕೊಂಡಿದ್ದ. ಹೆಣ ಮನೆಗೆ ಬಂದು ಮಣ್ಣೂ ಆಗಿತ್ತು. ಆದರೆ ಮಣ್ಣಾದ ಮೇಲೆ ದುದು ಅತ್ತೆಗೆ ನಿದ್ದೆ ಹತ್ತಲಿಲ್ಲ. ದುದು ಅತ್ತೆ ಎಂದರೆ ಅಣ್ಣ ತಮ್ಮಂದಿರ ಸೋದರತ್ತೆ, ಎಂಬತ್ತಕ್ಕೆ ಹತ್ತಿರವಾದವಳು, ಜೋಬೆ ಮನೆತನದಲ್ಲಿ ಉಳಿದಿರುವ ಒಬ್ಬಳೇ ಹಿರಿಯಳು. ಮೈ ಬಂದಿದೆ, ಅವನು ಬಂದಿಲ್ಲ ಎಂದಳು. ಸತ್ತ ಜಾಗಕ್ಕೆ ಹೋಗಿ ಎಲಚಿ ಕೊಂಬೆ ಹಿಡಿದು ಕರೆತರಬೇಕು, ಒಡಹುಟ್ಟಿದವನೇ ಹೋಗಬೇಕು ಎಂದಳು. ಒಡಹುಟ್ಟಿದವನು ಇವನೊಬ್ಬನೇ.

ಆಸ್ಪತ್ರೆಯ ಮಂಚದ ಪಕ್ಕ ಕೊಂಬೆಯನ್ನು ನೆಲಕ್ಕೆ ತಾಕಿಸಿ ಹೆಸರು ಹಿಡಿದು ಕರೆಯಬೇಕು. ಅಲ್ಲಿಂದ ಮುಂದೆ ಕೊಂಬೆಯೇ ಅಣ್ಣ. ಗಾಡಿಯಲ್ಲಿ ಅವನಿಗೂ ಒಂದು ಸೀಟು ಬೇಕು. ಹೊಳೆ ಬಂದರೆ ಹೊಳೆ ಬಂತು ಎನ್ನಬೇಕು, ಕವಲು ಬಂದರೆ ಇತ್ತ ತಿರುಗುತ್ತೇವೆ ಎನ್ನಬೇಕು. ಉಣ್ಣುವಾಗ, ಮಲಗುವಾಗ, ಎದ್ದು ಹೊರಡುವಾಗ ಎಲ್ಲ ಹೇಳಬೇಕು. ಹೇಳದೆ ಮುಂದೆ ಹೋದರೆ ಸತ್ತವನು ಅಲ್ಲೇ ನಿಂತುಬಿಡುತ್ತಾನೆ. ದಾರಿಯಲ್ಲಿ ಬದುಕಿರುವವರ ಜೊತೆ ಮಾತಿಗಿಳಿದರೂ ಅಷ್ಟೇ, ಮುನಿದು ಇಳಿದುಹೋಗುತ್ತಾನೆ. ಹಾಗಾದರೆ ಚೀಟಿಯಲ್ಲಿ ಬರೆದು ತೋರಿಸಬಹುದಾ ಎಂದು ಫಲಾಖೆ ಕೇಳಿ ನೋಡಿದ. ಕೈಯಲ್ಲಿ ಆಡಿದರೂ ಮಾತು ಮಾತೇ ಎಂದು ಅತ್ತೆ ಗದರಿಸಿದಳು.

ಡಿಸೆಂಬರ್ ತಿಂಗಳು, ಪ್ರವಾಸಿಗರ ಸುಗ್ಗಿ. ವ್ಯಾನಿನ ಯಜಮಾನ ರಜೆ ಕೊಡಲಿಲ್ಲ. ಪೋರ್ಟ್ ಸೇಂಟ್ ಜಾನ್ಸಿನಿಂದ ಹೇಗೂ ಒಂದು ತಂಡ ಹೊರಡುತ್ತದೆ, ಕೊನೆಗೆ ನಿನ್ನ ಊರ ಹತ್ತಿರವೇ ಮುಗಿಯುತ್ತದೆ, ಕೊಂಬೆಯನ್ನೂ ಹಾಕಿಕೊಂಡು ಬಾ, ಮಾತಿಗೆ ಫಿಲಿಲೆಯನ್ನು ಕಳಿಸುತ್ತೇನೆ ಎಂದ. ಫಿಲಿಲೆ ಎಂಟು ವರ್ಷದಿಂದ ಗೈಡ್ ಕೆಲಸ ಮಾಡಿ ಪಳಗಿದ ಹೆಂಗಸು. ಮಾತಿನಲ್ಲಿ ಫಲಾಖೆಗೆ ಸರಿಸಾಟಿ, ಸುಳ್ಳಿನಲ್ಲಿ ಮಾತ್ರ ಒಂದು ಕೈ ಕಡಿಮೆ.

ಹೊರಟ ದಿನ ಬೆಳಿಗ್ಗೆ ಡ್ರೈವರ್ ಪಕ್ಕದ ಸೀಟಿನಲ್ಲಿ ಕೊಂಬೆಯನ್ನು ಒರಗಿಸಿ ಬೆಲ್ಟ್ ಹಾಕಿದ. ಹಿಂದೆ ಹಾಲೆಂಡಿನ ಆರು ಜನ. ಅವರಲ್ಲಿ ಹನ್ನೆಕೆ ಎಂಬ ಬಿಳಿಗೂದಲಿನ ನಿವೃತ್ತ ಟೀಚರಮ್ಮ ಮುಂದಿನ ಸೀಟು ಖಾಲಿ ಇದೆಯೆಂದು ಕ್ಯಾಮೆರಾ ಚೀಲವನ್ನು ಅದರ ಮೇಲಿಟ್ಟಳು. ಫಿಲಿಲೆ ಚೀಲ ಎತ್ತಿ ಅವಳ ಮಡಿಲಿಗೇ ಕೊಟ್ಟು, ಅಲ್ಲಿ ಡ್ರೈವರ್ ಅಣ್ಣ ಕೂತಿದ್ದಾರೆ, ಊರಿಗೆ ಹೋಗ್ತಿದ್ದಾರೆ ಎಂದು ತಿಳಿಸಿದಳು. ಟೀಚರಮ್ಮ ಕೊಂಬೆಗೆ ಗುಡ್ ಮಾರ್ನಿಂಗ್ ಹೇಳಿದಳು. ಪಾಪ, ಮರ್ಯಾದಸ್ಥೆ.

ಊರು ದಾಟುತ್ತಿದ್ದಂತೆ ಹೊಳೆಯ ಸೇತುವೆ. ಫಲಾಖೆ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಅಣ್ಣ, ಹೊಳೆ ಬಂತು. ದಾಟ್ತಾ ಇದೀವಿ."

ಬಸ್ಸಿನ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದಂತಿತ್ತು. ಆಸ್ಪತ್ರೆಯಲ್ಲಿ ಹೆಸರು ಹಿಡಿದು ಕರೆದದ್ದು ಬಿಟ್ಟರೆ, ಹನ್ನೊಂದು ವರ್ಷದ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು ಅದು. ಅಷ್ಟಕ್ಕೇ ಅವನ ಬೆನ್ನು ಬೆವರಿತು.

ಎಡಕ್ಕೆ ಹಸಿರು ದಿಣ್ಣೆಗಳು, ದಿಣ್ಣೆಯ ಮೇಲೆ ನೀಲಿ ಬಳಿದ ದುಂಡನೆಯ ಮನೆಗಳು, ಬಲಕ್ಕೆ ಇಣುಕಿ ಇಣುಕಿ ಮರೆಯಾಗುವ ಕಡಲು. ಕಡಲ ಮರಳಿನ ಮೇಲೆ ಮಲಗಿರುವ ದನಗಳನ್ನು ತೋರಿಸಿ ಫಿಲಿಲೆ, ಅವು ಉಪ್ಪಿಗಾಗಿ ಬರುತ್ತವೆ ಎಂದಳು. ಉಪ್ಪಿಗಲ್ಲ, ಗಾಳಿಗೆ ನೊಣ ಕಾಟ ಇರುವುದಿಲ್ಲವೆಂದು ಬರುತ್ತವೆ. ತಿದ್ದಲು ಫಲಾಖೆಯ ನಾಲಗೆ ತುರಿಸಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಸುಮ್ಮನೆ ಕುಳಿತ. ಲುಸಿಕಿಸಿಕಿ ಬಂತು, ಹೇಳಿದ. ಫ್ಲ್ಯಾಗ್‌ಸ್ಟಾಫ್ ಬಂತು, ಹೇಳಿದ. ಮುಂದೆ ಬರುವುದು ಮಗುಶೇನಿ ಕೂಡುರಸ್ತೆ. ಒಂದು ದಾರಿ ಕೆಳಗೆ ಕರಾವಳಿಗೆ ಇಳಿದು ಡರ್ಬನ್‌ಗೆ ಹೋಗುತ್ತದೆ, ಇನ್ನೊಂದು ಮೇಲೆ ಬೆಟ್ಟಕ್ಕೆ ಏರುತ್ತದೆ. ಫಲಾಖೆ ಹೆದರಿದ್ದು ಆ ಕೂಡುರಸ್ತೆಗೆ.

ಹನ್ನೊಂದು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಫಲಾಖೆ ಇದೇ ದಾರಿಯಲ್ಲಿ ತಂಡವೊಂದನ್ನು ಡರ್ಬನ್‌ಗೆ ಒಯ್ಯುತ್ತಿದ್ದ. ಆ ವಾರ ಊರೂರಿಗೆ ಜನರನ್ನು ಒಯ್ಯುವ ಟ್ಯಾಕ್ಸಿಗಳ ಮುಷ್ಕರ, ರಸ್ತೆಯಲ್ಲಿ ಬಾಡಿಗೆ ಗಾಡಿ ಒಂದೂ ಇಲ್ಲ. ವೇಲಾಫಿ ಹೇಗೋ ಲಾರಿ ಹತ್ತಿ ಮಗುಶೇನಿಯವರೆಗೆ ಬರುತ್ತಾನೆ, ಅಲ್ಲಿಂದ ಅವನನ್ನು ಹತ್ತಿಸಿಕೊಂಡು ಬಾ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದಳು. ಶನಿವಾರ ಮಣ್ಣು. ಗುರುವಾರ ಹತ್ತು ಗಂಟೆಗೆ ಫಲಾಖೆ ಕೂಡುರಸ್ತೆಗೆ ಬಂದಾಗ ಅಣ್ಣ ಅಲ್ಲಿದ್ದ. ಕಪ್ಪು ಕೋಟು ಹಾಕಿ, ಕಾಲ ಹತ್ತಿರ ಚೀಲವಿಟ್ಟುಕೊಂಡು ಅನಾನಸ್ ಮಾರುವವರ ಸಾಲಿನ ಪಕ್ಕ ನಿಂತಿದ್ದ. ವ್ಯಾನ್ ಗುರುತಿಸಿ ಕೈಯೆತ್ತಿದ. ಫಲಾಖೆಯ ಪಕ್ಕದ ಸೀಟು ಖಾಲಿಯಿತ್ತು. ಅವನು ನಿಲ್ಲಿಸಲಿಲ್ಲ.

ಯಾಕೆ? ಆರು ವರ್ಷ ಅವ್ವನ ಹಾಸಿಗೆ ಒಗೆದವನು ಫಲಾಖೆ, ಗಂಜಿ ಕುಡಿಸಿದವನು ಫಲಾಖೆ. ವರ್ಷಕ್ಕೊಂದು ಸಲ ಕ್ರಿಸ್‌ಮಸ್ಸಿಗೆ ಹೊಸ ಶಾಲು ಹಿಡಿದು ಬರುತ್ತಿದ್ದವನು ಅಣ್ಣ, ಅವ್ವ ಊರಿಡೀ ಹೊಗಳುತ್ತಿದ್ದುದೂ ಅಣ್ಣನನ್ನೇ. ದುಡಿಯುವ ಎತ್ತು ಒಂದು, ಹೊಗಳಿಸಿಕೊಳ್ಳುವ ಎತ್ತು ಇನ್ನೊಂದು. ಮಣ್ಣು ಕೊಡುವಾಗಲಾದರೂ ಮನೆಯ ಗಂಡಸಾಗಿ ಮುಂದೆ ನಿಲ್ಲುವವನು ತಾನೊಬ್ಬನೇ ಆಗಿರಲಿ ಎಂದು ಆ ಕ್ಷಣ ಹೊಟ್ಟೆ ಉರಿಯಿತು. ಕಾಲು ಆ್ಯಕ್ಸಿಲರೇಟರ್ ಒತ್ತಿತು. ಆಮೇಲೆ ಮನೆಯಲ್ಲಿ, ಅಣ್ಣ ಅಲ್ಲಿ ಇರಲೇ ಇಲ್ಲ ಎಂದ. ವೇಲಾಫಿ ಬೇರೆ ಗಾಡಿ ಸಿಗದೆ ಎರಡು ದಿನ ಅಲ್ಲೇ ನಿಂತಿದ್ದನಂತೆ; ಮಣ್ಣಿಗೆ ಬರಲಿಲ್ಲ, ಆಮೇಲೆಯೂ ಎಂದೂ ಬರಲಿಲ್ಲ. ನಡೆದದ್ದನ್ನು ಅವನು ಎಲ್ಲಿ ಬಾಯಿಬಿಡುತ್ತಾನೋ ಎಂದು ಫಲಾಖೆ ಹನ್ನೊಂದು ವರ್ಷ ಅವನ ಫೋನ್ ಎತ್ತಲಿಲ್ಲ.

ಈಗ ಮತ್ತೆ ಅದೇ ಕೂಡುರಸ್ತೆ, ಅದೇ ಅನಾನಸ್ ಸಾಲು. ಹೇಳಬೇಕಾದದ್ದು ಮೂರೇ ಮಾತು: ಅಣ್ಣ, ಮಗುಶೇನಿ ಬಂತು, ಮೇಲಕ್ಕೆ ತಿರುಗ್ತೀವಿ. ಬಾಯಿ ತೆರೆದ. ಈ ಜಾಗದಲ್ಲಿ ನಿಂತು ಅಣ್ಣನಿಗೆ ಇಷ್ಟು ಹೇಳಿದರೆ ಅಷ್ಟಕ್ಕೇ ನಿಲ್ಲುವುದಿಲ್ಲ, ಉಳಿದದ್ದನ್ನೂ ಹೇಳಬೇಕಾಗುತ್ತದೆ. ಹಿಂದೆ ಫಿಲಿಲೆ ಕೂತಿದ್ದಾಳೆ, ಅವಳಿಗೆ ಅವನ ಮನೆಮಾತು ಜುಲು ಅರ್ಥವಾಗುತ್ತದೆ. ತೆರೆದ ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅನಾನಸ್ ಕೊಳ್ಳೋಣ, ನಿಲ್ಲಿಸಿ ಎಂದರು. ಫಲಾಖೆ ನಿಲ್ಲಿಸಲಿಲ್ಲ. ಕಾಲು ತಾನಾಗಿ ಒತ್ತಿತು, ವ್ಯಾನ್ ತಿರುಗಿ ಬೆಟ್ಟದ ದಾರಿ ಹಿಡಿಯಿತು.

ಕಾಕ್‌ಸ್ಟಾಡಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ತಟ್ಟೆಯಲ್ಲಿ ಪುತು ಎನ್ನುವ ಮೆಕ್ಕೆಜೋಳದ ಉದುರು ಹಿಟ್ಟು, ಮೇಲೆ ಹುಳಿ ಹಾಲು ಹಾಕಿಕೊಂಡು ಬಂದು ಸೀಟಿನ ಕಡೆ ನೋಡಿದ. "ಅಣ್ಣ, ಊಟ," ಎಂದ. ಅಂದ ಕೂಡಲೇ ಗೊತ್ತಾಯಿತು. ಜನ್ಮವಿಡೀ ಮಾತಾಡಿ ಬದುಕಿದವನಿಗೆ ಎದುರಿಗೆ ಕೇಳುವ ಕಿವಿ ಇದೆಯೋ ಇಲ್ಲವೋ ತಿಳಿಯದೆ ಇರುತ್ತದೆಯೇ? ಬೆಳಿಗ್ಗೆ ಸೇತುವೆಯ ಮೇಲೆ ಆ ಸೀಟಿನಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದರು, ಅದಕ್ಕೇ ಬೆನ್ನು ಬೆವರಿತ್ತು. ಈಗ ಅಲ್ಲಿ ಬರೀ ಸೊಪ್ಪು ಇತ್ತು. ಹೇಳದೆ ಕವಲು ದಾಟಿಸಿದ್ದರಿಂದ ಅಣ್ಣ ಮಗುಶೇನಿಯಲ್ಲೇ ಇಳಿದು ನಿಂತಿದ್ದಾನೆ. ತಟ್ಟೆಯನ್ನು ಹಾಗೇ ಹಿಂದಕ್ಕೆ ಕೊಟ್ಟ.

ಆ ಸಂಜೆ ಅಂಡರ್‌ಬರ್ಗಿನ ವಸತಿಗೃಹದ ಎದುರು ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಸಾಲು ನೀಲಿಯಿಂದ ನೇರಳೆಗೆ ತಿರುಗಿತು, ಹಾಲೆಂಡಿನವರು ಕುಣಿದಾಡಿಬಿಟ್ಟರು. ಫಲಾಖೆಗೆ ಅವು ಜೈಲಿನ ಗೋಡೆಯ ಹಾಗೆ ಕಂಡವು. ಏನು ಮಾಡಲಿ ಎಂದು ಯೋಚಿಸಿದ. ಫಿಲಿಲೆಗೆ ಹೇಳಿ ಗಾಡಿ ಹಿಂದೆ ತಿರುಗಿಸಬೇಕೆಂದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ, ಕೂಡುರಸ್ತೆಯಲ್ಲಿ ಕಾಯುತ್ತಿರುವವನು ಅಲ್ಲಿಂದಲೂ ಮುನಿದು ಹೋದರೆ? ಬಿಡದಿದ್ದರೆ ಬರೀ ಸೊಪ್ಪನ್ನು ಮನೆಗೆ ಒಯ್ಯಬೇಕು. ಇತ್ತ ದರಿ, ಅತ್ತ ಪುಲಿ. ಫಿಲಿಲೆ ಕೇಳಿಸಿಕೊಳ್ಳುತ್ತಾಳೆಂದು ಕೊಂಬೆಯ ಕಡೆ ತಿರುಗಿ, ಅಣ್ಣ ಇವತ್ತು ಇಲ್ಲೇ ಮಲಗೋಣ ಎಂದ. ನಾಟಕದವನಿಗೂ ಇಷ್ಟು ನಾಚಿಕೆಯಾಗುವುದಿಲ್ಲ.

ಎರಡನೆಯ ದಿನವೆಲ್ಲ ಬೆಟ್ಟದಲ್ಲೇ ಕಳೆಯಿತು. ಪ್ರವಾಸಿಗರು ಜಲಪಾತಕ್ಕೆ ನಡೆದು ಹೋಗಿ ಬಂದರು. ಅವನು ವ್ಯಾನಿನೊಳಗೆ ಕಿಟಕಿ ಏರಿಸಿಕೊಂಡು ಕೂತಿದ್ದ. ಮೂರನೆಯ ಬೆಳಿಗ್ಗೆ ಗೇಟಿನಿಂದ ಹೊರಬಿದ್ದವನು ಬಲಕ್ಕೆ ಹೋಗುವ ಬದಲು ಎಡಕ್ಕೆ ತಿರುಗಿಸಿಬಿಟ್ಟ. ಕಾಕ್‌ಸ್ಟಾಡ್ ಕಡೆಯ ದಾರಿ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಫಿಲಿಲೆ ಮುಂದಕ್ಕೆ ಬಾಗಿದಳು.

"ಏನ್ ಜೋಬೆ, ಬಾಯಿ ಮುಚ್ಕೊಂಡ್ರೆ ಕಣ್ಣೂ ಮುಚ್ಕೊಳ್ಳುತ್ತಾ? ಇಪ್ಪತ್ತೆರಡು ವರ್ಷದ ದಾರಿ ಮರೆತುಹೋಯ್ತಾ ನಿಮಗೆ?"

ಅವನು ಓಡಿಸುತ್ತಲೇ ಇದ್ದ. ಪ್ರವಾಸಿಗರು ಫೋನಿನಲ್ಲಿ ನಕ್ಷೆ ತೆಗೆದು ಪರಸ್ಪರ ತೋರಿಸಿಕೊಂಡರು. ಮಧ್ಯಾಹ್ನಕ್ಕೆ ಕಾಡಿನ ಬುಕಿಂಗ್ ಇದೆಯಲ್ಲ ಎಂದು ಒಬ್ಬ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿದ. ಯಾರು ದೂರಿದರೋ, ಯಜಮಾನನ ಫೋನೂ ಬಂತು. ಫಿಲಿಲೆ ಅದನ್ನು ಅವನ ಕಿವಿಗೆ ಹಿಡಿದಳು. ನಿನ್ನ ಕೊಂಬೆಗೆ ಸೀಟು ಕೊಟ್ಟಿದ್ದೇನೆ, ಸ್ಟಿಯರಿಂಗ್ ಕೊಟ್ಟಿಲ್ಲ ಎಂದು ಆ ಮನುಷ್ಯ ಒದರಿದ. ಉತ್ತರ ಕೊಡುವ ಹಾಗಿಲ್ಲ. ಆರು ಜನ ಅಪರಿಚಿತರ ರಜೆ ಬೆನ್ನ ಹಿಂದೆ ಕೂತು ಗಡಿಯಾರ ನೋಡಿಕೊಳ್ಳುತ್ತಿತ್ತು. ಫಲಾಖೆ ರಸ್ತೆಯ ಬದಿಗೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತ. ಆಮೇಲೆ ಗಾಡಿ ತಿರುಗಿಸಿದ. ಹಿಂದಿನ ಸೀಟಿನವರು ಚಪ್ಪಾಳೆ ತಟ್ಟಿದರು.

ನಾಲ್ಕನೆಯ ದಿನ ಹ್ಲುಹ್ಲುವೆ ಕಾಡಿನೊಳಗೆ ಆನೆಗಳು ಸಿಕ್ಕವು. ಸಿಕ್ಕವು ಅನ್ನುವುದಕ್ಕಿಂತ ಆನೆಗಳಿಗೆ ಇವರು ಸಿಕ್ಕರು ಅನ್ನಬೇಕು. ದೊಡ್ಡ ಹೆಣ್ಣಾನೆಯೊಂದು ಎರಡು ಮರಿಗಳ ಜೊತೆ ರಸ್ತೆಗೆ ಅಡ್ಡ ನಿಂತಿತು. ಹಿಂದಕ್ಕೆ ತೆಗೆಯೋಣವೆಂದರೆ ಹಿಂದೆಯೂ ನಾಲ್ಕು. ಆ ಕಾಡಿನಲ್ಲಿ ಗಾಡಿಯಿಂದ ಇಳಿಯುವಂತಿಲ್ಲ. ಎಂಜಿನ್ ಆರಿಸಿ ಕೂತರು. ಬಿಸಿಲು ಏರಿತು, ಮುಕ್ಕಾಲು ಗಂಟೆಯಾಯಿತು. ಫಿಲಿಲೆಯ ಕತೆಗಳ ಗಂಟು ಖಾಲಿಯಾಯಿತು.

ಹನ್ನೆಕೆ ಟೀಚರಮ್ಮನಿಗೆ ಹಿಂದಿನಿಂದ ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ವಯಸ್ಸಿಗೆ ಮತ್ತೆ ಬರುತ್ತೇನೋ ಇಲ್ಲವೋ, ಐದು ನಿಮಿಷ ಮುಂದೆ ಕೂತು ಒಂದು ಫೋಟೋ ತೆಗೆದುಕೊಳ್ಳಲಾ ಎಂದು ಸಂಕೋಚದಿಂದ ಕೇಳಿದಳು. ಅದು ಆಗದ ಮಾತು, ಅಲ್ಲಿ ಜನ ಇದ್ದಾರೆ ಎಂದು ಫಿಲಿಲೆ ವಿನಯದಿಂದಲೇ ತಳ್ಳಿಹಾಕಿದಳು. ಪರವಾಗಿಲ್ಲ, ತಪ್ಪಾಯಿತು ಎಂದು ಮುದುಕಿ ಹಿಂದಕ್ಕೆ ಸರಿದಳು.

ಫಲಾಖೆಗೆ ತಡೆಯಲಾಗಲಿಲ್ಲ. ನಾಲ್ಕು ದಿನದಿಂದ ಸೊಪ್ಪಿನ ಕಟ್ಟಿಗೆ ಬೆಲ್ಟ್ ಹಾಕಿ, ಅದಕ್ಕೆ ಊಟ, ನಿದ್ದೆ, ಹೊಳೆ ಎಂದು ಸುಳ್ಳು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಬೆಲ್ಟ್ ಬಿಚ್ಚಿದ, ಕೊಂಬೆಯನ್ನು ಎತ್ತಿ ತನ್ನ ಕಾಲ ಹತ್ತಿರ ಇಟ್ಟುಕೊಂಡ. ಹಿಂದೆ ತಿರುಗಿ ಟೀಚರಮ್ಮನಿಗೆ ಬಾ ಎಂದು ತಲೆಯಾಡಿಸಿದ. ಅವಳು ಸೀಟುಗಳ ನಡುವೆ ನುಸುಳಿ ಬಂದು ಕೂತಳು. ಆನೆಯ ಫೋಟೋ ತೆಗೆದಳು, ಖುಷಿಗೆ ಕಣ್ಣಲ್ಲಿ ನೀರು ಬಂತು.

ಫಿಲಿಲೆ ಮಾತ್ರ ಆನೆ ನೋಡಲಿಲ್ಲ. ಅವಳು ನೋಡುತ್ತಿದ್ದುದು ಫಲಾಖೆಯ ಕುತ್ತಿಗೆಯನ್ನು. ಅವಳೂ ಜುಲು ಮನೆಯ ಮಗಳು. ಅಣ್ಣ ಕೂತಿರುವ ಸೀಟಿಗೆ ಯಾವ ತಮ್ಮನೂ ಇನ್ನೊಬ್ಬರನ್ನು ಕೂರಿಸುವುದಿಲ್ಲ. ಅವಳು ತಗ್ಗಿದ ದನಿಯಲ್ಲಿ ಜುಲುವಿನಲ್ಲೇ ಕೇಳಿದಳು.

"ಜೋಬೆ, ಅವರು ಗಾಡೀಲಿ ಇಲ್ವಾ?"

ಅವನು ಎದುರಿನ ಆನೆಯನ್ನೇ ನೋಡುತ್ತಿದ್ದ.

"ಎಲ್ಲಿ ಬಿಟ್ಟು ಬಂದ್ರಿ?"

ಮಾತಾಡುವಂತಿಲ್ಲ ಎಂಬ ಕಟ್ಟಳೆ ಮೊದಲ ಬಾರಿಗೆ ಅವನಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯೂ ಆಯಿತು. ಆನೆಗಳು ತಮಗೆ ಬೇಕಾದಾಗ ದಾರಿ ಬಿಟ್ಟವು.

ಐದನೆಯ ದಿನ ಪ್ರವಾಸಿಗರನ್ನು ಸೇಂಟ್ ಲೂಸಿಯಾದ ಹೋಟೆಲಿನಲ್ಲಿ ಇಳಿಸಿದ. ಹನ್ನೆಕೆ ಅವನ ಕೈ ಹಿಡಿದು ಕುಲುಕಿದಳು. ಫಿಲಿಲೆ ವ್ಯಾನಿನ ಕಿಟಕಿಯ ಹತ್ತಿರ ಬಂದು ನಿಂತಳು. ನಾನು ಯಾರಿಗೂ ಹೇಳುವುದಿಲ್ಲ, ಅದು ನಿಮ್ಮ ಬಾಯಿಗೆ ಬಿಟ್ಟದ್ದು ಎಂದಳು. ಮತ್ತೆ ತಡೆದು, ಇವತ್ತು ಸಂಜೆಯಿಂದ ನಿಮ್ಮ ಬಾಯಿಗೆ ಬಿಡುಗಡೆಯಲ್ಲವಾ ಎಂದಳು. ಕೊಂಕು ಮಾತಲ್ಲ, ಆದರೂ ಮುಳ್ಳಿನಂತೆ ನಾಟಿತು.

ಮನೆಯವರೆಗೆ ಒಂದೇ ಗಂಟೆಯ ದಾರಿ. ಅಷ್ಟರಲ್ಲಿ ಫಲಾಖೆ ನೂರು ಸಲ ಲೆಕ್ಕ ಹಾಕಿದ. ಯಾರಿಗೆ ಗೊತ್ತಾಗುತ್ತದೆ? ಕೊಂಬೆ ಒಪ್ಪಿಸಿ, ಅಣ್ಣ ಮನೆಗೆ ಬಂದೆವು ಎಂದರೆ ಮುಗಿಯಿತು. ಶಾಸ್ತ್ರಕ್ಕೆ ಕಟ್ಟಿದ ಆಡು ಕೊಂಬೆಯ ಸೊಪ್ಪು ತಿನ್ನುತ್ತದೆ, ಬಿಯರ್ ಹಂಚುತ್ತಾರೆ, ಅತ್ತೆಗೆ ನಿದ್ದೆ ಬರುತ್ತದೆ. ಅಣ್ಣ ಮಾತ್ರ ಅಲ್ಲಿ ಅನಾನಸ್ ಮಾರುವವರ ಪಕ್ಕ ನಿಂತಿರುತ್ತಾನೆ. ಬದುಕಿದ್ದಾಗ ನಿಂತದ್ದು ಎರಡು ದಿನ. ಈಗ ನಿಂತರೆ ಎಷ್ಟು ದಿನ?

ಬೇಲಿಯ ಬಾಗಿಲಲ್ಲಿ ಹೆಂಗಸರು ಕೇಕೆ ಹಾಕಿ ಎದುರುಗೊಂಡರು. ನೆಂಟರು, ನೆರೆಯವರು, ಬಿಳಿಯ ಆಡು, ಬಿಯರ್ ಮಡಕೆ ಎಲ್ಲ ಸಿದ್ಧವಾಗಿತ್ತು. ಕೊಂಬೆ ಹಿಡಿದು ಬಗ್ಗಿ ಅವನು ದೊಡ್ಡ ಗುಡಿಸಲಿನೊಳಗೆ ಹೋದ. ಹಿಂಗೋಡೆಯ ಬುಡದಲ್ಲಿ ಹಿರಿಯರ ಜಾಗ. ದುದು ಅತ್ತೆ ಅಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಎರಡೂ ಕೈ ಒಡ್ಡಿದಳು. ನೆರೆದವರೆಲ್ಲ ಅವನ ಬಾಯಿಯನ್ನೇ ನೋಡಿದರು. ಅಣ್ಣ, ಮನೆಗೆ ಬಂದೆವು. ಅಷ್ಟು ಹೇಳಬೇಕಿತ್ತು.

ಫಲಾಖೆ ಕೊಂಬೆಯನ್ನು ಅತ್ತೆಯ ಕೈಗೆ ಕೊಡಲಿಲ್ಲ. ಮೊಣಕಾಲೂರಿ ಕೂತ.

"ಅತ್ತೆ, ಇದು ಬರೀ ಸೊಪ್ಪು. ಅಣ್ಣ ಮಗುಶೇನೀಲಿ ನಿಂತಿದಾನೆ. ಅಲ್ಲಿ ನಾ ಅವನಿಗೆ ಹೇಳ್ಲಿಲ್ಲ." ಕೊಂಬೆಯನ್ನು ನೆಲದ ಮೇಲಿಟ್ಟ. "ಅವ್ವ ಸತ್ತಾಗ್ಲೂ ಅಲ್ಲೇ ನಿಂತಿದ್ದ. ಕೈ ಎತ್ತಿದ್ದ. ನಾ ನೋಡ್ದೆ. ನೋಡಿಯೂ ಗಾಡಿ ನಿಲ್ಲಿಸ್ಲಿಲ್ಲ."

ಹೊರಗಿನ ಕೇಕೆ ಒಂದೊಂದಾಗಿ ನಿಂತಿತು. ದುದು ಅತ್ತೆ ಒಡ್ಡಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಮರೆತಳು. ಬಯ್ಯದೆ, ಯಾರೋ ಮೂರನೆಯವರ ಸುದ್ದಿ ಹೇಳುವವಳಂತೆ ಮಾತಾಡಿದಳು.

"ಅವನು ನಂಗೆ ಹಂಗೆ ಹೇಳ್ಲಿಲ್ಲ ಮಗಾ. 'ಫಲಾಖೆ ಪಾಪ ಕಾದು ಕಾದು ಹೋಗಿದಾನೆ ಅತ್ತೆ, ನಾನೇ ತಡ ಮಾಡ್ದೆ' ಅಂದ. ಕೊನೇವರ್ಗೂ ಅದನ್ನೇ ಅಂದ."

ಫಲಾಖೆ ತಲೆಯೆತ್ತಿದ.

"ಹೆತ್ತವಳ ಮಣ್ಣಿಗೆ ತಡ ಮಾಡಿ ತಪ್ಪಿಸ್ಕೊಂಡೋನು ಈ ಬೇಲಿ ದಾಟ್ಬೇಡ ಅಂದೆ ನಾನು. ಪ್ರತಿ ಕ್ರಿಸ್‌ಮಸ್ಸಿಗೂ ಫೋನ್ ಮಾಡಿ, 'ಈ ವರ್ಷ ಬರ್ಲಾ ಅತ್ತೆ' ಅಂತ ಕೇಳೋನು. ಬೇಡ ಅಂತಿದ್ದೆ."

ಐದು ದಿನದ ಕಟ್ಟಳೆ ಮುಗಿದಿತ್ತು, ಈಗ ಫಲಾಖೆ ಯಾರ ಜೊತೆ ಬೇಕಾದರೂ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಹನ್ನೊಂದು ವರ್ಷ ಎತ್ತದೆ ಬಿಟ್ಟ ಆ ಫೋನುಗಳಲ್ಲಿ ಅಣ್ಣ ಏನು ಹೇಳಲಿದ್ದ ಎಂಬುದಷ್ಟೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ನೆಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟ.

ಅತ್ತೆ ಗೋಡೆ ಹಿಡಿದು ಎದ್ದಳು. ಆಡನ್ನು ಬಿಚ್ಚಿಬಿಡಿ ಎಂದು ಹೊರಗಿನವರಿಗೆ ಹೇಳಿದಳು. ಹೊಸದೊಂದು ಕೊಂಬೆ ಕಡಿದು ತರಲು ಕಳಿಸಿದಳು. ಮೂಲೆಯಲ್ಲಿದ್ದ ಶಾಲು ಹೊದ್ದು, ಕೋಲು ತೆಗೆದುಕೊಂಡು ಬಾಗಿಲ ಕಡೆ ನಡೆದಳು. ಅತ್ತೆ, ನಾನೂರು ಕಿಲೋಮೀಟರ್ ದೂರ, ನಿನ್ನ ಮೈಗೆ ಆಗುವುದಿಲ್ಲ, ನಾನೊಬ್ಬನೇ ಹೋಗಿ ಬರುತ್ತೇನೆ ಎಂದು ಫಲಾಖೆ ಅಡ್ಡ ಬಂದ.

"ನೀನೊಬ್ಬನೇ ಹೋಗಿ ಬಂದಿದ್ದು ನೋಡಿದ್ನಲ್ಲ," ಎಂದಳು ದುದು ಅತ್ತೆ. "ನೀ ನಿಲ್ಸೋದನ್ನ ನಾ ಕಣ್ಣಾರೆ ನೋಡ್ಬೇಕು. ಆಮೇಲೆ ಇಳಿದು ನಾನೂ ಅವನ್ನ ಕರೀಬೇಕು. ಬೇಡ ಅಂದೋಳು ನಾನು."